ವಾಲಿದ ಗೋಡೆಯ ಕಾನೂನು

ಲಂಡನ್ನಿನ ಹೌನ್ಸ್ಲೋದಲ್ಲಿ ಕನ್ನಡದವರ ಯುಗಾದಿ ಊಟ. ಮೈಸೂರಿನ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಳು. ಹೆಸರು ರಚನಾ. ಮುಂದಿನ ತಿಂಗಳು ಒಂದು ಮ್ಯೂಸಿಯಮ್ಮಿನ ಸಂರಕ್ಷಣಾ ಲ್ಯಾಬಿನಲ್ಲಿ ಟ್ರೇನಿಯಾಗಿ ಸೇರುವವಳು. ನಾನು ಅಂಥದೇ ಲ್ಯಾಬಿನಲ್ಲಿ ದುಡಿದು ನಿವೃತ್ತಳಾದವಳೆಂದು ಯಾರೋ ಹೇಳಿದ್ದರಂತೆ.

"ಆಂಟಿ, ಇಂಟರ್‌ವ್ಯೂನಲ್ಲಿ ಏನೇನೋ ಚೆನ್ನಾಗ್ ಹೇಳ್ಬಿಟ್ಟೆ. ಆದ್ರೆ ಅಲ್ಲಿ ಬೆಳಗ್ಗಿಂದ ಸಂಜೆವರ್ಗೂ ನಿಜವಾಗ್ಲೂ ಏನ್ ಮಾಡ್ತಾರೆ?"

"ಹೆಚ್ಚಿನ ದಿನ ಎಂಥದೂ ಮಾಡ್ಲಿಕ್ಕಿಲ್ಲ ಮಾರಾಯ್ತಿ. ಮಾಡದೆ ಕೂತ್ಕೊಳ್ಳುದನ್ನು ಕಲೀಬೇಕು."

ಅವಳು ನಕ್ಕಳು. ತಮಾಷೆ ಎಂದುಕೊಂಡಿರಬೇಕು. ಬಿಡಿಸಿ ಹೇಳುವಷ್ಟರಲ್ಲಿ ಹೋಳಿಗೆ ಬಂತು, ಮಾತು ತಪ್ಪಿತು. ಆ ಹೊತ್ತು ಹೇಳಲಾಗದ್ದನ್ನು ಅವಳಿಗೂ ಅವಳಂತೆ ಈ ಕೆಲಸಕ್ಕೆ ಬರುವವರಿಗೂ ಈಗ ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಗ್ರೇಡಿಗೆ ಏರಿದೆ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ಅದನ್ನು ಬಿಟ್ಟಿದ್ದೇನೆ.

ನಾನು ಮಂಗಳೂರಿನವಳು, ಹೆಸರು ಪ್ರೆಸಿಲ್ಲಾ. ಅಪ್ಪ ಹಂಚಿನ ಕಾರ್ಖಾನೆಯ ಗೂಡಿನಲ್ಲಿ ಮೇಸ್ತ್ರಿಯಾಗಿದ್ದರು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಫೆಲಿಕ್ಸನನ್ನು ಮದುವೆಯಾಗಿ ಲಂಡನ್ನಿಗೆ ಬಂದೆ. ಅವನಿಗೆ ಹೀಥ್ರೋದಲ್ಲಿ ಸರಕು ವಿಭಾಗದ ಕೆಲಸ, ನಮ್ಮ ವಾಸ ಹೇಸ್‌ನ ಬಾಡಿಗೆ ಮನೆ. ಮೂರು ತಿಂಗಳಿಗೆಂದು ಒಂದು ಮ್ಯೂಸಿಯಮ್ಮಿನಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ ಹಿಡಿದೆ. ಕೊನೆಗೆ ನಿವೃತ್ತಿಯವರೆಗೂ ಅಲ್ಲೇ ಉಳಿದೆ.

ಡಬ್ಬಿಗಳೊಳಗೆ ಇದ್ದುದು ಮಣ್ಣಿನ ಫಲಕಗಳು. ಈಗಿನ ಇರಾಕಿನ ನೆಲದಲ್ಲಿ ಬಹಳ ಹಿಂದೆ ಅಗೆದು ತಂದವು. ನಾಲ್ಕು ಸಾವಿರ ವರ್ಷಗಳ ಕೆಳಗೆ ಅಲ್ಲಿಯ ಜನ ಹಸಿ ಮಣ್ಣನ್ನು ಅಂಗೈಯಷ್ಟು ಚಪ್ಪಟೆ ಮಾಡಿ, ಜೊಂಡಿನ ಕಡ್ಡಿಯ ತುದಿಯನ್ನು ಒತ್ತಿ ಒತ್ತಿ ಬರೆಯುತ್ತಿದ್ದರು. ದೂರದಿಂದ ನೋಡಿದರೆ ಒದ್ದೆ ಮರಳಿನ ಮೇಲೆ ಹಕ್ಕಿ ನಡೆದ ಹಾಗೆ ಕಾಣುತ್ತದೆ. ಬರೆದ ಮೇಲೆ ಒಣಗಲು ಬಿಡುತ್ತಿದ್ದರು ಅಷ್ಟೆ. ಹೆಚ್ಚಿನವನ್ನು ಸುಟ್ಟಿಲ್ಲ.

ನಮ್ಮ ಲ್ಯಾಬಿನ ಹಿರಿಯರು ಗ್ರಹಾಂ. ಎತ್ತರದ, ಕಡಿಮೆ ಮಾತಿನ ಮನುಷ್ಯ, ಎಜ್‌ವೇರಿನಿಂದ ಬರುತ್ತಿದ್ದರು. ಚೀಟಿಯ ಕೆಲಸ ಬಿಟ್ಟು ನಾನು ಲ್ಯಾಬಿಗೆ ಸೇರಿದ ಮೊದಲ ವಾರ ಅವರು ಒಂದು ಫಲಕವನ್ನು ನನ್ನ ಮುಂದಿಟ್ಟು, "ನೋಡಿ, ಏನನ್ನಿಸುತ್ತದೆ ಹೇಳಿ" ಎಂದರು. ಮಣ್ಣು ನನಗೆ ಗೊತ್ತು ಎಂಬ ಧಿಮಾಕು ನನಗೆ. ಹಂಚನ್ನು ಬೆರಳಗಂಟಿನಿಂದ ತಟ್ಟಿ, ಸದ್ದು ಕೇಳಿಯೇ ಒಡಕಿದೆಯೋ ಇಲ್ಲವೋ ಹೇಳುವುದನ್ನು ಅಪ್ಪ ಕಲಿಸಿದ್ದರಲ್ಲ. ಫಲಕವನ್ನು ಎತ್ತಿ ತಟ್ಟಲು ಹೋದೆ.

"ನಿಲ್ಲಿ!"

ಗ್ರಹಾಂ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕೈ ಗಾಳಿಯಲ್ಲೇ ನಿಂತಿತು. ಅವರು ಫಲಕವನ್ನು ಮೆಲ್ಲನೆ ತೆಗೆದುಕೊಂಡು ಸ್ಪಂಜಿನ ಮೇಲೆ ಇಟ್ಟರು.

"ಸುಟ್ಟ ಮಣ್ಣನ್ನು ತಟ್ಟಿದರೆ ಅದು ಉತ್ತರ ಕೊಡುತ್ತದೆ. ಸುಡದ ಮಣ್ಣನ್ನು ತಟ್ಟಿದರೆ ಉದುರುತ್ತದೆ. ಇಲ್ಲಿ ಕೈ ಕೊನೆಗೆ ಬರಬೇಕು. ಮೊದಲು ಕಣ್ಣು."

ಸಂಜೆ ಬಸ್ಸಿನಲ್ಲಿ ಅಳು ಬಂತು. ಆದರೆ ಮಾರನೇ ದಿನ ಅವರು ಮತ್ತೆ ಅದೇ ಫಲಕವನ್ನು ನನ್ನ ಮುಂದಿಟ್ಟು, ಇಡೀ ಬೆಳಿಗ್ಗೆ ಸುಮ್ಮನೆ ನೋಡುತ್ತಾ ಕೂರಲು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಅದರ ಅಂಚಿನಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಕಂಡಿತು. ಉಪ್ಪು. ನೆಲದ ಉಪ್ಪು ಮಣ್ಣಿನೊಳಗೆ ಸೇರಿಕೊಂಡಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಕರಗುತ್ತದೆ, ಒಣಗಿದರೆ ಹರಳಾಗಿ ಹಿಗ್ಗುತ್ತದೆ, ಹಿಗ್ಗುವಾಗ ಅಕ್ಷರದ ಮೇಲ್ಪದರವನ್ನೇ ಎತ್ತಿ ಬಿಸಾಡುತ್ತದೆ. ನನ್ನ ಕೆಲಸದ ಬದುಕೆಲ್ಲ ಈ ಉಪ್ಪಿನ ಜೊತೆಗಿನ ಜಗಳವೇ.

ಫಲಕಗಳನ್ನು ಓದುತ್ತಿದ್ದವರು ಕ್ಯುರೇಟರ್ ಎಲೆನರ್. ನನಗಿಂತ ಸ್ವಲ್ಪ ದೊಡ್ಡವರು, ತುಂಬಾ ಮಾತುಗಾತಿ, ಕೈಯಲ್ಲಿ ಯಾವಾಗಲೂ ಚಹಾದ ಕಪ್ಪು. ಕಪ್ಪು ಹಿಡಿದು ಲ್ಯಾಬಿನ ಬಾಗಿಲು ದಾಟಬಾರದೆಂಬ ನಿಯಮವಿದ್ದುದರಿಂದ ಹೊಸಿಲಿನಲ್ಲೇ ನಿಂತು ಮಾತಾಡುವರು. ಒಂದು ದಿನ ಅವರು, "ಇವತ್ತು ನಿಮ್ಮ ಮೇಜಿಗೆ ಕಾನೂನು ಬರುತ್ತಿದೆ" ಎಂದರು. ಮೈತುಂಬ ಕಾನೂನು ಕೆತ್ತಿ, ಮೇಲೆ ರಾಜ ನಿಂತಿರುವ ಕರಿಕಲ್ಲಿನ ಚಿತ್ರವನ್ನು ಪುಸ್ತಕದಲ್ಲಿ ನೋಡಿದ್ದೆ, ಅದೇ ಬರುತ್ತದೆಂದು ಕಾದೆ. ಬಂದದ್ದು ಸಾಬೂನಿನಷ್ಟು ದೊಡ್ಡ ಮಣ್ಣಿನ ತುಂಡು.

"ಆ ಕಲ್ಲು ಪ್ಯಾರಿಸ್ಸಿನಲ್ಲಿದೆ" ಎಂದು ಎಲೆನರ್ ನಕ್ಕರು. "ಇದು ಬರೆಯಲು ಕಲಿಯುತ್ತಿದ್ದ ವಿದ್ಯಾರ್ಥಿಯ ಅಭ್ಯಾಸ. ಬ್ಯಾಬಿಲೋನಿನ ರಾಜ ಹಮ್ಮುರಾಬಿ ಸತ್ತು ಸಾವಿರ ವರ್ಷದ ಮೇಲೂ ಪಾಠಶಾಲೆಗಳಲ್ಲಿ ಅವನ ಕಾನೂನನ್ನು ನಕಲು ಮಾಡಿಸುತ್ತಿದ್ದರು. ಕಲ್ಲನ್ನು ಶತ್ರು ಹೊತ್ತುಕೊಂಡು ಹೋದ. ಮಕ್ಕಳ ಅಭ್ಯಾಸವನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ?"

"ಕಾನೂನು ಬರೆಸಿದವರಲ್ಲಿ ಇವನೇ ಮೊದಲನೆಯವನಾ?" ಎಂದೆ.

"ಅಲ್ಲ. ಇವನಿಗೂ ಮುನ್ನೂರು ವರ್ಷ ಮೊದಲು ಊರ್ ಪಟ್ಟಣದ ರಾಜನ ಕಾನೂನು ಸಿಕ್ಕಿದೆ. ಅದರಲ್ಲಿ ಒಬ್ಬ ಇನ್ನೊಬ್ಬನ ಕಾಲು ಕಡಿದರೆ ಇಷ್ಟು ಬೆಳ್ಳಿ ಕೊಡಬೇಕು ಎಂದಿದೆ. ಕಣ್ಣಿಗೆ ಕಣ್ಣು ಅನ್ನುವುದು ಆಮೇಲೆ, ಹಮ್ಮುರಾಬಿಯಲ್ಲಿ ಬಂದದ್ದು. ಹಳೆಯದೆಲ್ಲ ಕ್ರೂರ, ಹೊಸದೆಲ್ಲ ಮೃದು ಅಂತ ತಿಳಿಯಬೇಡಿ."

ಇನ್ನೊಂದು ಮಾತನ್ನೂ ಅವರು ಮುಚ್ಚಿಡಲಿಲ್ಲ. ಆ ಕಾಲದ ಮೊಕದ್ದಮೆಗಳ ಫಲಕಗಳು ಎಷ್ಟೋ ಸಿಕ್ಕಿವೆ. ಆದರೆ ಈ ಕಾನೂನಿನ ಪ್ರಕಾರ ತೀರ್ಪು ಕೊಟ್ಟೆ ಎಂದು ನ್ಯಾಯಾಧೀಶ ಹೇಳಿದ್ದು ಸಿಗುವುದು ಅಪರೂಪ. ಹಾಗಾದರೆ ಯಾಕೆ ಬರೆದರು ಎಂದು ಕೇಳಿದೆ.

"ವಿದ್ವಾಂಸರು ಅದಕ್ಕೇ ಇನ್ನೂ ಜಗಳವಾಡುತ್ತಿದ್ದಾರೆ. ರಾಜನ ಬಡಾಯಿ ಅನ್ನುತ್ತಾರೆ ಕೆಲವರು, ಬಡಾಯಿಯೂ ಇದೆ. ಆದರೆ ಅನ್ಯಾಯವಾದವನು ಬಂದು ಈ ಕಲ್ಲನ್ನು ಓದಿಸಿಕೊಂಡು ಕೇಳಲಿ, ತನ್ನ ವ್ಯಾಜ್ಯ ಏನೆಂದು ತಿಳಿದುಕೊಳ್ಳಲಿ, ಮನಸ್ಸು ಹಗುರ ಮಾಡಿಕೊಳ್ಳಲಿ ಅಂತಲೂ ಆ ರಾಜ ಬರೆಸಿದ್ದಾನೆ. ಒಮ್ಮೆ ಹಾಗೆ ಬರೆಸಿದ ಮೇಲೆ ಜನ ರಾಜನನ್ನೂ ಅದರಿಂದಲೇ ಅಳೆಯುತ್ತಾರೆ, ಪ್ರೆಸಿಲ್ಲಾ."

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಮ್ಮಲ್ಲಿ ಅನೇಕರು ತಾವು ಉಳಿಸುವ ವಸ್ತುವಿನಲ್ಲಿ ಏನಿದೆ ಎಂದು ಕೇಳುವುದಿಲ್ಲ. ಕೇಳಿ. ಕೇಳಿದ ದಿನದಿಂದ ಕೈ ಬೇರೆ ರೀತಿ ಕೆಲಸ ಮಾಡುತ್ತದೆ.

ಆಗಿನ ಪದ್ಧತಿ ಹೀಗಿತ್ತು: ಫಲಕವನ್ನು ಕರೆಂಟಿನ ಗೂಡಿನಲ್ಲಿಟ್ಟು ದಿನಗಟ್ಟಲೆ ನಿಧಾನವಾಗಿ ಬಿಸಿಯೇರಿಸಿ ಸುಡುವುದು. ಸುಟ್ಟರೆ ಗಟ್ಟಿಯಾಗುತ್ತದೆ. ಆಮೇಲೆ ನೀರಿನಲ್ಲಿ ನೆನೆಸಿದರೆ ಉಪ್ಪು ಬಿಟ್ಟುಕೊಳ್ಳುತ್ತದೆ. ಗ್ರಹಾಂ ಅದರಲ್ಲಿ ಪಳಗಿದವರು. ಆದರೂ ಒಂದು ಬೆಳಿಗ್ಗೆ ಗೂಡು ತೆರೆದಾಗ ಮನೆ ಮಾರಿದ ಕರಾರಿನ ಫಲಕವೊಂದು ಒಡೆದು ಚೂರಾಗಿತ್ತು. ಅವರು ಚೂರುಗಳನ್ನು ಟ್ರೇಗೆ ತುಂಬಿ, ತಾವೇ ಹೊತ್ತುಕೊಂಡು ಎಲೆನರ್ ಹತ್ತಿರ ಹೋದರು. ಹಿಂದಿನಿಂದ ನಾನೂ ಹೋದೆ. ಅಲ್ಲಿದ್ದ ಮೇಲಧಿಕಾರಿಯೊಬ್ಬರು, "ಮೊದಲೇ ಬಿರುಕಿತ್ತು ಅಂತ ದಾಖಲಿಸಿದರೆ ಆಯಿತಲ್ಲ?" ಎಂದರು.

"ಬಿರುಕಿರಲಿಲ್ಲ. ನಾನು ನೋಡಿದ್ದೆ" ಎಂದರು ಗ್ರಹಾಂ.

ಅಧಿಕಾರಿ ಹೋದ ಮೇಲೆ ಎಲೆನರ್ ಹೇಳಿದರು: "ತೀರ್ಪಿಗೆ ಮುದ್ರೆ ಬಿದ್ದ ಮೇಲೆ ಅದನ್ನು ಬದಲಿಸಿದ ನ್ಯಾಯಾಧೀಶನನ್ನು ಪೀಠದಿಂದ ಎಬ್ಬಿಸಬೇಕು, ಮತ್ತೆ ಕೂರಿಸಬಾರದು ಅಂತ ಹಮ್ಮುರಾಬಿಯ ಕಾನೂನಿನ ಶುರುವಿನಲ್ಲೇ ಇದೆ. ಬರೆಯಲು ಕಲಿತವರಿಗೆ ತಿದ್ದುವವರ ವಿಷಯವೂ ಆಗಲೇ ಗೊತ್ತಿತ್ತು, ಗ್ರಹಾಂ."

ಚೂರುಗಳನ್ನು ಜೋಡಿಸಲು ನಮಗೆ ಒಂದು ಚಳಿಗಾಲ ಹಿಡಿಯಿತು. ಪೂರ್ತಿ ಕೂಡಲಿಲ್ಲ. ಅಲ್ಲಿಂದ ಗ್ರಹಾಂ ಸುಡುವುದನ್ನು ಕಡಿಮೆ ಮಾಡುತ್ತಾ ಬಂದು ಕೊನೆಗೆ ನಿಲ್ಲಿಸಿಯೇಬಿಟ್ಟರು. ಸುಟ್ಟ ಮೇಲೆ ಮಣ್ಣು ಮೊದಲಿನಂತಾಗುವುದಿಲ್ಲ, ಮುಂದೆ ಬರುವವರಿಗೆ ಆ ಮಣ್ಣಿನಿಂದ ತಿಳಿಯಬೇಕಾದ್ದು ಏನಾದರೂ ಇದ್ದರೆ ಅದೂ ಹೋಯಿತು ಎನ್ನುತ್ತಿದ್ದರು. ಜೀವಮಾನವಿಡೀ ಕಲಿತ ವಿದ್ಯೆಯನ್ನು ಐವತ್ತು ದಾಟಿದ ಮೇಲೆ ಕೈಬಿಟ್ಟ ಮನುಷ್ಯ. ನಾನು ಕಂಡ ಮೇಲಧಿಕಾರಿಗಳಲ್ಲಿ ಅಂಥವರು ಇನ್ನೊಬ್ಬರಿಲ್ಲ.

ಆ ನಿರ್ಧಾರದ ಬಿಸಿ ಮೊದಲು ತಟ್ಟಿದ್ದು ಒಂದು ಕಾನೂನಿನ ಫಲಕಕ್ಕೆ. ಅದರ ಇಡೀ ಮುಖದ ಮೇಲೆ ಉಪ್ಪು ಹೆಪ್ಪುಗಟ್ಟಿತ್ತು. ಅಂಚಿನಲ್ಲಿ 'ಗೋಡೆ' ಎಂಬ ಒಂದೇ ಪದ ಕಾಣುತ್ತಿತ್ತು. ಸುಟ್ಟರೆ ಒಡೆಯಬಹುದು, ಕೆರೆದರೆ ಅಕ್ಷರವೂ ಎದ್ದು ಬರಬಹುದು. ಗ್ರಹಾಂ ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಆ ತೇವ ಹೀರುವ ಹರಳುಗಳ ಜೊತೆ ಇಟ್ಟು, "ಕಾಯೋಣ" ಎಂದರು. ವರ್ಷಗಟ್ಟಲೆ ಕಾದೆವು. ಗ್ರಹಾಂ ನಿವೃತ್ತರಾದರು. ಎಲೆನರ್ ಹೊಸಿಲಿಗೆ ಬಂದಾಗಲೆಲ್ಲ, "ನನ್ನ ಗೋಡೆ ಹೇಗಿದೆ?" ಎನ್ನುವರು. "ಹಾಗೇ ಇದೆ" ಎನ್ನುವೆ. ಕ್ರಮೇಣ ಕೇಳುವುದನ್ನೇ ಬಿಟ್ಟರು. ಅದರಿಂದ ನನಗೆ ಹೆಚ್ಚು ನೋವಾಯಿತು.

ಆಗ ಸುಆದ್ ಬಂದಳು. ಇರಾಕಿನ ಒಂದು ಸಣ್ಣ ಊರಿನ ಮ್ಯೂಸಿಯಮ್ಮಿನಿಂದ ಒಂದೂವರೆ ತಿಂಗಳ ತರಬೇತಿಗೆ ಬಂದವಳು. ಮೂವತ್ತರ ಆಸುಪಾಸು, ಗಂಭೀರ ಮುಖ, ಎಚ್ಚರದ ಇಂಗ್ಲಿಷು. ಯುದ್ಧದಲ್ಲಿ ಅವರ ಕಟ್ಟಡದ ಚಾವಣಿ ಬಿದ್ದು, ನೆಲಮಾಳಿಗೆಗೆ ಮಳೆನೀರು ನುಗ್ಗಿ, ಪೆಟ್ಟಿಗೆ ಪೆಟ್ಟಿಗೆ ಫಲಕಗಳು ನೆನೆದಿದ್ದವು. ಒಣಗುತ್ತಾ ಬಂದಂತೆ ಅವುಗಳ ಮೇಲೆ ಉಪ್ಪು ಹೂಬಿಡುತ್ತಿತ್ತು. ಅವನ್ನು ನೋಡಿಕೊಳ್ಳಲು ಇದ್ದವಳು ಅವಳೊಬ್ಬಳೇ.

ನಾನು ಹುರುಪಿನಿಂದ ಎಲ್ಲ ಯಂತ್ರಗಳನ್ನೂ ತೋರಿಸಿದೆ. ಪರದೆಯ ಮೈಕ್ರೋಸ್ಕೋಪು, ಗಾಳಿಯ ತೇವವನ್ನು ಚೂರೂ ಏರುಪೇರಾಗದಂತೆ ಹಿಡಿದಿಡುವ ಕಪಾಟು, ಧೂಳು ಹೀರುವ ಸೂಜಿ. ಅವಳು ಎಲ್ಲವನ್ನೂ ವಿನಯದಿಂದ ಕೇಳಿದಳು. ವಾರದ ಕೊನೆಗೆ, ಏನಾದರೂ ಕೇಳಬೇಕಾ ಎಂದೆ.

"ಒಂದೇ ಪ್ರಶ್ನೆ, ಮೇಡಂ. ಇವುಗಳಲ್ಲಿ ಕರೆಂಟಿಲ್ಲದೆ ಕೆಲಸ ಮಾಡುವುದು ಯಾವುದು?"

ಲ್ಯಾಬನ್ನೊಮ್ಮೆ ಸುತ್ತ ನೋಡಿದೆ. "ಕುಂಚ" ಎಂದೆ.

ಅವಳು ನಗಲಿಲ್ಲ, ನಾನೂ ನಗಲಿಲ್ಲ. ಮನೆಗೆ ಹೋಗಿ ಫೆಲಿಕ್ಸನ ಮುಂದೆ ಮನಸ್ಸಿನಲ್ಲಿದ್ದುದನ್ನೆಲ್ಲ ತೋಡಿಕೊಂಡೆ. ಐದು ದಿನ ಅವಳ ಸಮಯ ಹಾಳು ಮಾಡಿದೆ, ಇನ್ನು ಏನು ಕಲಿಸಲಿ ಎಂದೆ. ಅವನು ಮೀನು ಹೆಚ್ಚುತ್ತಿದ್ದ.

"ಅವಳಿಗೆ ನಿನ್ನ ಮೆಷಿನು ಬೇಡ. ಮೆಷಿನು ಇಲ್ಲದಾಗ ಎಂಥ ಮಾಡುದು ಅಂತ ಬೇಕು. ನಮ್ಮಲ್ಲಿ ಕಂಪ್ಯೂಟರ್ ಕೈಕೊಟ್ಟ ದಿನ ವಿಮಾನ ನಿಲ್ತದಾ? ಚಾಕ್‌ಪೀಸ್ ತಕ್ಕೊಂಡು ಪೆಟ್ಟಿಗೆ ಮೇಲೆ ಬರೀತೇವೆ. ನೀನೂ ನಿನ್ನ ಚಾಕ್‌ಪೀಸ್ ಹುಡುಕು."

ಸೋಮವಾರ ಮೇಜನ್ನು ಉತ್ತರದ ಕಿಟಕಿಯ ಬಳಿಗೆ ಎಳೆದೆವು. ಅಲ್ಲಿ ದಿನವಿಡೀ ಒಂದೇ ಹದದ ಬೆಳಕು. ಮೈಕ್ರೋಸ್ಕೋಪಿನ ಬದಲು ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಲೋಹದ ಉಪಕರಣಗಳ ಬದಲು ಚೂಪು ಮಾಡಿದ ಬಿದಿರು ಕಡ್ಡಿ. ಕಪಾಟಿನ ಬದಲು ಬಿಗಿ ಮುಚ್ಚಳದ ಅಡುಗೆಮನೆ ಡಬ್ಬಿ. ಹರಳುಗಳು ತೇವ ಕುಡಿದು ತಣಿದರೆ ಮತ್ತೆ ಒಣಗಿಸಬೇಕಲ್ಲ, ಅದಕ್ಕೆ ಓವನ್ ಬೇಕು ಎಂದು ನಾನು ತಲೆ ಕೆರೆದುಕೊಂಡೆ.

"ಓವನ್ನಾ? ನಮ್ಮ ಬೀದಿ ತುದಿಯಲ್ಲೇ ರೊಟ್ಟಿ ಸುಡುವವನಿದ್ದಾನೆ" ಎಂದಳು ಸುಆದ್. "ಮಧ್ಯಾಹ್ನ ರೊಟ್ಟಿ ಮುಗಿದ ಮೇಲೂ ಅವನ ಒಲೆ ಬಿಸಿಯಾಗಿರುತ್ತದೆ. ಟ್ರೇ ಇಟ್ಟುಬಿಡುತ್ತೇನೆ." ಅವಳು ನಕ್ಕದ್ದನ್ನು ಅಂದು ಮೊದಲ ಸಲ ಕಂಡೆ.

ಮೊದಲು ನಾವೇ ಮಣ್ಣು ಕಲಸಿ ಫಲಕ ಮಾಡಿದೆವು, ಉಪ್ಪುನೀರು ಕುಡಿಸಿ ಕೆಡಿಸಿದೆವು, ಆಮೇಲೆ ಉಳಿಸಲು ನೋಡಿದೆವು. ಮೊದಲ ಕೆಲವು ಪುಡಿಯಾದವು. ಆಮೇಲಿನವು ನಿಂತವು. ಆದರೆ ಸುಳ್ಳು ಫಲಕದ ಮೇಲೆ ಗೆದ್ದರೆ ಆಯಿತೇ? ನಿಜವಾದ, ಹಟಮಾರಿ ಉಪ್ಪಿನ ಫಲಕ ಬೇಕಿತ್ತು. ಅಂಥದು ನನ್ನ ಹತ್ತಿರ ಒಂದಿತ್ತು.

ಎಲೆನರ್ ಮೊದಲು ಒಪ್ಪಲಿಲ್ಲ. "ಇಷ್ಟು ವರ್ಷ ಮೈಕ್ರೋಸ್ಕೋಪಿನಲ್ಲಿ ಮಾಡಲು ಧೈರ್ಯ ಬರಲಿಲ್ಲ. ಈಗ ಬಿದಿರು ಕಡ್ಡಿಯಲ್ಲಿ ಮಾಡುತ್ತೀರಾ?" ಅವರು ಕೇಳಿದ್ದು ಸರಿಯೇ. ಸುಆದ್ ಉಳಿಸಿದ ಫಲಕಗಳನ್ನು ಅವರ ಮುಂದಿಟ್ಟೆ. ಆ ಕೈ ನೋಡಿ ಎಂದೆ. ಗ್ರಹಾಂಗೂ ಫೋನು ಮಾಡಿದೆ. ಡಬ್ಬಿಗೆ ಹಾಕಿದವರು ಅವರೇ ಅಲ್ಲವೇ? ಅವರು ನಾರ್ದರ್ನ್ ಲೈನ್ ರೈಲು ಹಿಡಿದು ಬಂದು, ಸುಆದ್ ಕೆಲಸ ಮಾಡುವುದನ್ನು ಹಿಂದೆ ನಿಂತು ನೋಡಿದರು. ಕೊನೆಗೆ ಎಲೆನರ್ ಕಡೆ ತಿರುಗಿ, "ಇವಳ ಕಣ್ಣು ಕೈಗಿಂತ ಮೊದಲು ಹೋಗುತ್ತದೆ" ಎಂದರು. ಎಲೆನರ್ ಚಹಾದ ಕಪ್ಪನ್ನು ಹೊರಗಿಟ್ಟು ಒಳಗೆ ಬಂದರು.

ಎರಡು ವಾರ ಹಿಡಿಯಿತು. ದಿನಕ್ಕೆ ಬೆರಳ ಉಗುರಿನಷ್ಟು ಜಾಗ. ಸುಆದ್ ಉಪ್ಪನ್ನು ಒತ್ತುತ್ತಿರಲಿಲ್ಲ, ಬದಿಯಿಂದ ಮೆಲ್ಲನೆ ಎಬ್ಬಿಸುವಳು. ಎದ್ದ ಪದರ ಕಂಡರೆ ನಾನು ಅಂಟಿನ ಒಂದು ಹನಿ ಬಿಡುವೆ. ಕೊನೆಯ ದಿನಗಳಲ್ಲಿ ಒಮ್ಮೆ ಮೂರು ಅಕ್ಷರವಿದ್ದ ಚಕ್ಕೆಯೊಂದು ಕಳಚಿ ಸ್ಪಂಜಿನ ಮೇಲೆ ಬಿತ್ತು. ನಾನು ಏಳಲು ಹೋದೆ. "ಯಾರೂ ಏಳಬೇಡಿ, ಗಾಳಿಯಾಡುತ್ತದೆ" ಎಂದಳು ಸುಆದ್, ತಗ್ಗಿದ ದನಿಯಲ್ಲಿ. ಒದ್ದೆ ಕುಂಚದ ತುದಿಗೆ ಚಕ್ಕೆಯನ್ನು ತಾಗಿಸಿ ಎತ್ತಿದಳು. ಒಡೆದ ಅಂಚನ್ನು ಅಂಚಿಗೆ ಹೊಂದಿಸಿ ನೋಡಿ, ಸ್ವಲ್ಪ ತಿರುಗಿಸಿ ನೋಡಿ, ಬಿಟ್ಟಳು. ಕೂತಿತು. ನಾನು ಹನಿ ಬಿಟ್ಟೆ.

ಎಲೆನರ್ ಆ ಹಳೆಯ ಭಾಷೆಯಲ್ಲೇ ಓದುತ್ತಾ ಅರ್ಥ ಹೇಳಿದರು. "ಶುಮ್ಮ ಇಗಾರುಮ್... ಒಂದು ಗೋಡೆ ವಾಲಿದ್ದರೆ, ಬಾಬ್ತುಮ್..."

"ಬಾಬ್?" ಸುಆದ್ ತಲೆ ಎತ್ತಿದಳು. "ಬಾಬ್ ಅಂದರೆ ಅರಬಿಯಲ್ಲಿ ಬಾಗಿಲು."

"ಅದೇ ಮೂಲ! ಒಂದೇ ಬಾಗಿಲಿನ ಜನ, ಅಂದರೆ ಕೇರಿಯವರು" ಎಂದರು ಎಲೆನರ್. ಕೇರಿಯವರು ಹೋಗಿ ಮನೆಯವನಿಗೆ ಗೋಡೆ ವಾಲಿದೆ ಎಂದು ಹೇಳಿಯೂ ಅವನು ಅದನ್ನು ಭದ್ರ ಮಾಡದೆ, ಅದು ಬಿದ್ದು ಮನುಷ್ಯ ಸತ್ತರೆ, ಅದು ಜೀವದ ಪ್ರಶ್ನೆ, ರಾಜನೇ ತೀರ್ಮಾನಿಸಬೇಕು. ಕಾನೂನು ಹೊಸದಲ್ಲ, ಹಮ್ಮುರಾಬಿಗೂ ಸ್ವಲ್ಪ ಹಿಂದಿನದು. ಬಾಗ್ದಾದಿನ ಹತ್ತಿರ ಅಗೆದಾಗ ಅದರ ಬೇರೆ ಪ್ರತಿಗಳು ಸಿಕ್ಕಿದ್ದವು. ಇದು ಇನ್ನೊಂದು ನಕಲು, ಅಷ್ಟೆ. ಬರೆದ ವಿದ್ಯಾರ್ಥಿ ಒಂದು ಅಕ್ಷರ ಮರೆತು, ಸಾಲಿನ ಮೇಲೆ ಇಕ್ಕಟ್ಟಿನಲ್ಲಿ ತುರುಕಿದ್ದ. ಆದರೂ ಎಲೆನರ್ ಕಣ್ಣುಗಳು ಒದ್ದೆಯಾಗಿದ್ದವು.

ಸುಆದ್ ಕುಂಚವನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು: "ಬಾಂಬು ಬಿದ್ದ ಮೇಲೆ ನಮ್ಮ ಬೀದಿಯಲ್ಲಿ ಎಷ್ಟೋ ಗೋಡೆಗಳು ವಾಲಿದವು. ಮನೆಯವರು ಊರು ಬಿಟ್ಟಿದ್ದರು, ಹೇಳುವುದು ಯಾರಿಗೆ? ನಮ್ಮಪ್ಪ, ಪಕ್ಕದವರು ಎಲ್ಲ ಸೇರಿ ಖರ್ಜೂರದ ಮರದ ದಿಮ್ಮಿ ತಂದು ಆನಿಸಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಇದು ಇಷ್ಟು ಹಿಂದೆಯೇ ಬರೆದದ್ದು ಅಂತ ಅಪ್ಪನಿಗೆ ಹೇಳಬೇಕು."

ಮನೆಯಲ್ಲಿ ಫೆಲಿಕ್ಸನಿಗೆ ಹೇಳಿದರೆ, "ನಮ್ಮ ಹಿತ್ತಲ ಗೋಡೆ ವಾಲಿದಾಗ ಕೌನ್ಸಿಲ್‌ನವರು ಲ್ಯಾಂಡ್‌ಲಾರ್ಡಿಗೆ ನೋಟೀಸು ಕೊಟ್ಟದ್ದು ಇದೇ ಅಲ್ವಾ?" ಎಂದ. ಇದೇ. ಮೊದಲು ಪಕ್ಕದ ಮನೆಯವರು ನೋಡುವುದು, ಹೇಳುವುದು, ಹೇಳಿದ ಮೇಲೆ ಇನ್ನು ನನಗೆ ಗೊತ್ತಿರಲಿಲ್ಲ ಎನ್ನಲು ಬರುವುದಿಲ್ಲ. ಆ ಮಾತನ್ನು ಮಣ್ಣಿನ ಮೇಲೆ ಬರೆದ ದಿನ ಏನೋ ದೊಡ್ಡದು ನಡೆಯಿತು ಎಂದು ನನಗೆ ತೋರುತ್ತದೆ. ವಿದ್ವಾಂಸರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

ಸುಆದ್ ಭೂತಗನ್ನಡಿ, ಕುಂಚಗಳು, ಹರಳಿನ ಪೊಟ್ಟಣಗಳನ್ನು ಕಟ್ಟಿಕೊಂಡು ಹೊರಟಳು. ಬಹಳ ಕಾಲ ಸುದ್ದಿಯಿರಲಿಲ್ಲ. ಅಲ್ಲಿಯ ಗಲಭೆಯ ವಾರ್ತೆ ಬಂದಾಗಲೆಲ್ಲ ಟಿವಿ ಮುಂದೆ ಕೂತು ಆ ಊರಿನ ಹೆಸರು ಬರದಿರಲಿ ಎಂದು ಪ್ರಾರ್ಥಿಸುತ್ತಿದ್ದೆ. ಅಷ್ಟರಲ್ಲಿ ನಾನೂ ನಿವೃತ್ತಳಾದೆ.

ಕಳೆದ ವರ್ಷ ಒಂದು ಮಧ್ಯಾಹ್ನ ಫೋನಿನಲ್ಲಿ ವಿಡಿಯೋ ಕರೆ ಬಂತು. ಕೂದಲಲ್ಲಿ ನರೆ ಇಣುಕಿದ್ದ ಸುಆದ್. ಕ್ಷಮೆ ಕೇಳುವ ಗೋಜಿಗೆ ಹೋಗದೆ, "ಮೇಡಂ, ನೋಡಿ" ಎಂದು ಫೋನನ್ನು ತಿರುಗಿಸಿದಳು. ಹೊಸ ಚಾವಣಿಯ ಉದ್ದನೆಯ ಕೋಣೆ. ಕಿಟಕಿಯ ಬಳಿ ಮೇಜು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಇಬ್ಬರು ಯುವತಿಯರು. ಒಬ್ಬಳು ಮಾತ್ರ ಕೈ ಬೀಸಿದಳು, ಇನ್ನೊಬ್ಬಳು ಫಲಕದಿಂದ ಕಣ್ಣೆತ್ತಲಿಲ್ಲ. ಗೋಡೆಯುದ್ದಕ್ಕೂ ಡಬ್ಬಿಗಳು, ಬಿಗಿ ಮುಚ್ಚಳದವು, ಚಾವಣಿಯವರೆಗೆ. ಕೊನೆಯ ಬಾಗಿಲಿನಾಚೆ ಇನ್ನೂ ತೆರೆಯದ ಪೆಟ್ಟಿಗೆಗಳ ಸಾಲು.

"ಇದೆಲ್ಲ ಯಾವಾಗ ಮುಗಿಯುವುದು, ಸುಆದ್?" ಎಂದೆ.

"ನನ್ನ ಕಾಲಕ್ಕೆ ಮುಗಿಯುವುದಿಲ್ಲ" ಎಂದಳು, ಸಂತೋಷದಿಂದಲೇ. ಕೈ ಬೀಸಿದ ಹುಡುಗಿಯನ್ನು ತೋರಿಸಿ, "ಇವಳ ಕಾಲಕ್ಕೂ ಇಲ್ಲ. ಅದಕ್ಕೇ ಬರುವ ವಾರ ಇನ್ನೂ ಇಬ್ಬರು ಸೇರುತ್ತಿದ್ದಾರೆ."